ಗರಸಿನ ಇಳುಕಲಿಗೆ ಸೈಕಲ್ ಬ್ರೇಕ್: ನಾನು ಆರಿಸಿ ಕೂಡಿಸಿದ ಬಗೆ

ಗದಗಿನಿಂದ ಕಪ್ಪತಗುಡ್ಡದ ಕಡೆ ಸೈಕಲ್ ಹೊಡೆದರೆ ಎರಡು ಬಗೆಯ ನೆಲ ಸಿಗುತ್ತದೆ. ಕೆಳಗೆ ಕಪ್ಪು ಎರೆ ಮಣ್ಣು, ಗುಡ್ಡದ ಹತ್ತಿರ ಕೆಂಪು ಮಸಾರಿ ಮತ್ತು ಗರಸು. ಡೋಣಿ ಊರಿನ ಸುತ್ತಮುತ್ತಲ ಇಳುಕಲಿನಲ್ಲಿ ಸಣ್ಣ ಕಲ್ಲುಗಳು ಟೈರಿನ ಕೆಳಗೇ ಉರುಳುತ್ತವೆ. ಅಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿದರಷ್ಟೇ ಸಾಲದು. ನಮಗೆ ಎಷ್ಟು ಬೇಕೋ ಅಷ್ಟೇ ಹಿಡಿಯಬೇಕು.

ನನ್ನ ಸೈಕಲ್ಲಿಗೆ ಮೊದಲು ರಿಮ್ಮನ್ನು ಎರಡೂ ಬದಿಯಿಂದ ಹಿಡಿಯುವ ವಿ-ಬ್ರೇಕ್ ಇತ್ತು. ಡಾಂಬರು ರಸ್ತೆಗೆ ಅದು ಬೇಕಾದಷ್ಟಾಯಿತು. ಆದರೆ ಮಳೆಗಾಲದಲ್ಲಿ ಎರೆಯ ರಾಡಿ ಟೈರಿಗೆ ಮೆತ್ತಿ, ಬ್ರೇಕಿನ ನಡುವೆ ತುಂಬಿಕೊಂಡು ಚಕ್ರವನ್ನೇ ತಡೆಯುತ್ತದೆ. ಗರಸಿನ ಪುಡಿ ಬ್ರೇಕ್ ಶೂಗೆ ಸೇರಿಕೊಂಡರೆ ಹಿಡಿದಾಗಲೆಲ್ಲ ರಿಮ್ ಸವೆಯುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಸವೆಯುವುದು ಪ್ಯಾಡ್ ಮತ್ತು ಅದು ಹಿಡಿಯುವ ಲೋಹದ ತಟ್ಟೆ, ಅಂದರೆ ರೋಟರ್. ಅವನ್ನು ಬದಲಿಸುವುದು ರಿಮ್ ಬದಲಿಸಿದಷ್ಟು ದೊಡ್ಡ ಕೆಲಸವಲ್ಲ.

ಆಯಿಲ್ ಒತ್ತಡದ ಹೈಡ್ರಾಲಿಕ್ ಬ್ರೇಕನ್ನು ಒತ್ತಲು ಹಗುರ, ನಿಜ. ಆದರೂ ನಾನು ವೈರ್ ಎಳೆಯುವ ಡಿಸ್ಕನ್ನೇ ಆರಿಸಿದೆ. ದಾರಿಯಲ್ಲಿ ವೈರ್ ಕಡಿದರೆ ಇನ್ನೊಂದನ್ನು ನಾನೇ ಹಾಕಬಲ್ಲೆ, ಆಯಿಲ್ ಸೋರಿದರೆ ಅಲ್ಲಿ ಏನೂ ಮಾಡಲಾಗದು. ಮುಂದೆ 180 ಮಿಮೀ ರೋಟರ್, ಹಿಂದೆ 160. ಇಳುಕಲಿನಲ್ಲಿ ಭಾರವೆಲ್ಲ ಮುಂದೆ ಬೀಳುತ್ತದೆ ಅಲ್ವಾ, ಅದಕ್ಕೆ. ಫೋರ್ಕ್ 180 ತಡೆಯುತ್ತದೆಯೇ, ಚಕ್ರದ ನಡುವಿನ ಹಬ್ಬಿಗೆ ರೋಟರ್ ಕೂರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಕೈಯಲ್ಲಿ ಒತ್ತುವ ಲಿವರೂ ಬ್ರೇಕಿಗೆ ಹೊಂದಬೇಕು. ವಿ-ಬ್ರೇಕಿನ ಲಿವರ್ ಜಾಸ್ತಿ ವೈರ್ ಎಳೆಯುತ್ತದೆ, ರೋಡ್ ಬೈಕಿನದು ಕಡಿಮೆ. ಪ್ಯಾಡ್ ಮೆಟಲ್‌ನದು ಹಾಕಿದೆ, ರಾಡಿಯಲ್ಲಿ ಬೇಗ ಸವೆಯುವುದಿಲ್ಲ. ರೋಟರ್ ಮೇಲೆ ರೆಸಿನ್ ಪ್ಯಾಡ್ (ಮೆಟಲ್‌ಗಿಂತ ಮೆತ್ತನೆಯದು) ಮಾತ್ರ ಎಂದು ಬರೆದಿದ್ದರೆ ಅದಕ್ಕೆ ಮೆಟಲ್ ಹಾಕಲೇಬಾರದು.

ಇನ್ನು ಕೂಡಿಸುವುದು. ಬ್ರೇಕಿನ ಬೆಲೆಗಿಂತ ಇದೇ ಮುಖ್ಯ. ವೈರ್ ಡಿಸ್ಕಿನಲ್ಲಿ ಬಹುಪಾಲು ಒಂದೇ ಪ್ಯಾಡ್ ಚಲಿಸುತ್ತದೆ. ಅದು ರೋಟರನ್ನು ಬಾಗಿಸಿ ಆಚೆಯ ಪ್ಯಾಡಿಗೆ ಒತ್ತುತ್ತದೆ. ಹಾಗಾಗಿ ಅಲುಗಾಡದ ಆ ಒಳಗಿನ ಪ್ಯಾಡ್ ರೋಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಸೈಕಲ್ ನೆಲದ ಮೇಲೆ ನಿಲ್ಲಿಸಿ ಚಕ್ರ ನೆಟ್ಟಗೆ ಕೂರಿಸುತ್ತೇನೆ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ ಬಿಗಿಯುತ್ತೇನೆ. ಒಂದನ್ನೇ ಪೂರ್ತಿ ಬಿಗಿದರೆ ಕ್ಯಾಲಿಪರ್ ಓರೆಯಾಗುತ್ತದೆ. ಆಮೇಲೆ ಹಿಂದೆ ಬಿಳಿ ಹಾಳೆ ಹಿಡಿದು ಸಂದಿ ನೋಡುವುದು. ರೋಟರಿನ ಎರಡೂ ಬದಿ ಬೆಳಕಿನ ಗೆರೆ ಕಾಣಬೇಕು, ಒಳಗಿನ ಗೆರೆ ಕೂದಲೆಳೆಯಷ್ಟು ಇದ್ದರೆ ಸಾಕು. ಉಜ್ಜುತ್ತಿದ್ದರೆ ಅಲನ್ ಕೀಯಿಂದ ಒಳಗಿನ ಪ್ಯಾಡನ್ನು ಚೂರೇ ಹಿಂದೆ ಸರಿಸುತ್ತೇನೆ.

ಪ್ಯಾಡ್ ಸವೆದಾಗ ಬರೀ ವೈರ್ ಬಿಗಿಯುತ್ತಾ ಹೋಗಬೇಡಿ. ಕ್ಯಾಲಿಪರಿನ ತೋಳು ಮೊದಲೇ ಎಳೆದುಕೊಂಡು ನಿಂತು, ಬೇಕಾದಾಗ ಎಳೆಯಲು ಜಾಗವೇ ಉಳಿಯುವುದಿಲ್ಲ. ಒಳಗಿನ ಪ್ಯಾಡನ್ನೂ ಮುಂದೆ ತನ್ನಿ.

ಹೊಸ ಪ್ಯಾಡ್ ಹಾಕಿದ ಕೂಡಲೇ ಗುಡ್ಡಕ್ಕೆ ಹೋಗಬಾರದು. ಸಪಾಟು ರಸ್ತೆಯಲ್ಲಿ ವೇಗ ಹಿಡಿದು, ಚಕ್ರ ಲಾಕ್ ಆಗದಂತೆ ನಿಧಾನಿಸಿ, ಒಂದು ಇಪ್ಪತ್ತು ಸಲ ಮಾಡಿದರೆ ಹಿಡಿತ ಬರುತ್ತದೆ. ಕಿರ್ ಎಂದರೆ ಎಣ್ಣೆ ಬಿಡುವವರಿದ್ದಾರೆ, ದಯವಿಟ್ಟು ಬೇಡ. ಎಣ್ಣೆ ಕುಡಿದ ಪ್ಯಾಡ್ ಎಸೆಯಬೇಕಾಗುತ್ತದೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಇಳಿಯುವಾಗ ಬ್ರೇಕನ್ನು ಎಳೆದೇ ಇರದೆ, ತಿರುವಿಗೆ ಮೊದಲು ಹಿಡಿದು, ನೇರ ದಾರಿಯಲ್ಲಿ ಬಿಡಿ. ರೋಟರಿಗೆ ಆರಲು ಸಮಯ ಸಿಗುತ್ತದೆ. ಚೀಲದಲ್ಲಿ ಒಂದು ಇನ್ನರ್ ವೈರ್, ಒಂದು ಜೊತೆ ಪ್ಯಾಡ್, 5 ಮಿಮೀ ಅಲನ್ ಕೀ ಸದಾ ಇರಲಿ.