ಏಪ್ರಿಲ್ ಬಿಸಿಲಿಗೆ ತಡೆಯುವ ಗ್ಯಾರೇಜ್ ಶೆಡ್

ದಾವಣಗೆರೆಯಲ್ಲಿ ಗ್ಯಾರೇಜ್ ಶೆಡ್ ಹಾಕಿಸಲು ಬರುವವರು ಮೊದಲು ಕೇಳುವುದು ಚದರ ಅಡಿಗೆ ಎಷ್ಟಾಗುತ್ತೆ ಅಂತ. ಶೆಡ್ ಕಟ್ಟಿಕೊಡುವ ನಾನು ಅವರನ್ನು ಕೇಳುವುದು ಬೇರೆ. ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ನಿಮ್ಮ ಹುಡುಗ ಎಲ್ಲಿ ನಿಂತು ಕೆಲಸ ಮಾಡುತ್ತಾನೆ? ಮೊದಲು ಆ ಜಾಗ ಗೊತ್ತಾಗಲಿ. ಕಂಬ, ಶಟರ್, ಬೆಂಚು ಎಲ್ಲ ಆಮೇಲೆ.

ಪ್ಲ್ಯಾನನ್ನು ಕಾಗದದ ಮೇಲಷ್ಟೇ ನೋಡಿ ಒಪ್ಪಬೇಡಿ. ಖಾಲಿ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ಒಂದು ನಿಜವಾದ ಗಾಡಿ ತಂದು ನಿಲ್ಲಿಸಿ. ಇನ್ನೋವಾ ಆದರೆ ಅಗಲವೇ ಆರು ಅಡಿ. ಎರಡೂ ಕಡೆ ಬಾಗಿಲು ಪೂರ್ತಿ ತೆಗೆಯಿರಿ, ಬಾನೆಟ್ ಎತ್ತಿ, ಮುಂದಿನಿಂದ ಟ್ರಾಲಿ ಜ್ಯಾಕ್ ತೂರಿಸಿ ಹಿಡಿಕೆ ಮೇಲೆ ಕೆಳಗೆ ಆಡಿಸಿ. ಒಂದು ಗಾಡಿಗೆ 12 ಅಡಿ ಅಗಲ, 20 ಅಡಿ ಉದ್ದ ಯಾಕೆ ಬೇಕು ಅಂತ ಆಗ ಕಣ್ಣಿಗೇ ಕಾಣುತ್ತದೆ. ಮುಂದೆ ಟೂ ಪೋಸ್ಟ್ ಲಿಫ್ಟ್ (ಎರಡು ಕಂಬದ ನಡುವೆ ಗಾಡಿ ಎತ್ತಿ ಹಿಡಿಯುವ ಯಂತ್ರ) ಹಾಕುವ ಯೋಚನೆ ಇದ್ದರೆ ಅಲ್ಲಿ ಒಳಗಿನ ಎತ್ತರ 14 ಅಡಿ ಇರಲಿ. ಎತ್ತರ ಜಾಸ್ತಿ ಇದ್ದಷ್ಟೂ ಝಳ ತಲೆಯಿಂದ ದೂರ.

ಬೆಂಚು ಉತ್ತರದ ಗೋಡೆಗೆ. ಕಣ್ಣು ಕುಕ್ಕದ ಬೆಳಕು ದಿನವಿಡೀ ಸಿಗುವುದು ಅಲ್ಲೇ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ಕಿಟಕಿ ಮೇಲೆ ಎರಡು ಅಡಿ ಸಜ್ಜಾ ಬಿಡಿ. ಪಶ್ಚಿಮದ ಗೋಡೆ ಸಂಜೆವರೆಗೂ ಕಾಯುತ್ತದೆ. ಅಲ್ಲಿ ಟಾಯ್ಲೆಟ್, ಕಬ್ಬಿಣದ ಸಾಮಾನಿನ ರೂಮು ಬರಲಿ. ಪೇಂಟ್, ಥಿನ್ನರ್, ಟೈರು ಮಾತ್ರ ಆ ಕಡೆ ಬೇಡವೇ ಬೇಡ. ಹೊರಗೆ ಜಾಗ ಇದ್ದರೆ ಎರಡು ಹೊಂಗೆ ಸಸಿ ನೆಡಿ.

ಇನ್ನು ತಗಡು. ಸೆಕೆಯ ದೊಡ್ಡ ಪಾಲು ಇಳಿಯುವುದು ಮೇಲಿಂದಲೇ, ದುಡ್ಡು ಅಲ್ಲಿ ಹಾಕಿ. ಬಣ್ಣದ ಶೀಟಾದರೆ ಬಿಳಿಯದು ತಗೊಳ್ಳಿ, ಕಡು ನೀಲಿ ಚೆಂದ ಕಂಡರೂ ಬಿಸಿಲನ್ನು ಹೀರುತ್ತದೆ. ಹೊಳೆಯುವ ಫಾಯಿಲ್ ಹಾಳೆಯನ್ನು ಶೀಟಿಗೆ ಅಂಟಿಸಿಬಿಟ್ಟರೆ ಅರ್ಧ ದುಡ್ಡು ದಂಡ. ಹಾಳೆಗೂ ಶೀಟಿಗೂ ನಡುವೆ ಕನಿಷ್ಠ ಒಂದು ಇಂಚು ಗಾಳಿ ಇದ್ದರೇ ಆ ಹೊಳಪು ಕೆಲಸ ಮಾಡುವುದು. ಫಿಟ್ಟಿಂಗ್ ನಡೆಯುವಾಗ ಏಣಿ ಹತ್ತಿ, ಸಂದಿಗೆ ಬೆರಳು ಹಾಕಿ ನೋಡಿ.

ಸೂರಿನ ಮೇಲೆ ಗಾಳಿಗೆ ತಿರುಗಿ ಬಿಸಿಯನ್ನು ಹೊರಗೆಳೆಯುವ ಟರ್ಬೊ ವೆಂಟಿಲೇಟರ್ ತಿರುಗುತ್ತಿದೆ, ಒಳಗೆ ಧಗೆ ಹಾಗೇ ಇದೆ ಅನ್ನುವವರು ತುಂಬಾ ಜನ. ಕೆಳಗಿಂದ ಗಾಳಿ ಬರದೆ ಮೇಲಿಂದ ಬಿಸಿ ಹೇಗೆ ಹೋಗಬೇಕು? ಉತ್ತರ, ಪೂರ್ವದ ಗೋಡೆಗಳಲ್ಲಿ ಮೊಣಕಾಲೆತ್ತರಕ್ಕೆ ಜಾಲಿ ಬಿಡಿ, ಇಲಿ ಬರದಂತೆ ಮೆಶ್ ಹೊಡೆಸಿ.

ಮಳೆಗಾಲದ ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುತ್ತದೆ. ಅದರ ಜೋರು ಎಷ್ಟು ಅಂತ ಚಿತ್ರದುರ್ಗದ ಗುಡ್ಡಗಳ ಮೇಲಿನ ವಿಂಡ್‌ಮಿಲ್‌ಗಳೇ ಹೇಳುತ್ತವೆ. ಶಟರ್ ಆ ದಿಕ್ಕಿಗೆ ಬೇಡ. ರಸ್ತೆ ಆ ಕಡೆಗೇ ಇದ್ದರೆ ಮುಂದೆ ಎಂಟು ಅಡಿ ಶೀಟ್ ಚಾಚಿಸಿ, ಅದರ ಅಂಚಿಗೆ ಸ್ಕ್ರೂ ಒತ್ತೊತ್ತಾಗಿ ಹೊಡೆಸಿ.

ಕಂಪ್ರೆಸರ್ ಹೊರಗೆ, ಪೂರ್ವದ ನೆರಳಲ್ಲಿರಲಿ. ತಂಪು ಗಾಳಿ ಎಳೆದುಕೊಂಡಷ್ಟೂ ಅದಕ್ಕೆ ಒಳ್ಳೆಯದು, ಒಳಗೆ ಸದ್ದೂ ಕಡಿಮೆ. ಗಾಡಿಯ ಅಡಿಯ ಕೆಲಸಕ್ಕೆ ಇಳಿಯುವ ಗುಂಡಿ, ಅಂದರೆ ಪಿಟ್, ತೋಡಿಸುವುದಾದರೆ ಒಂದು ಮಾತು ಬಿಡದೆ ಪಾಲಿಸಿ: ಅದರೊಳಗೆ ಸ್ವಿಚ್ಚು, ಪ್ಲಗ್ಗು ಬೇಡ. ಪೆಟ್ರೋಲ್ ಆವಿ, ಎಲ್‌ಪಿಜಿ ಎರಡೂ ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತವೆ. ಒಂದು ಕಿಡಿ ಸಾಕು, ಕೆಳಗೆ ಇರುವವನು ಮೇಲೆ ಬರಲಾರ. ಬ್ಯಾಟರಿ ಚಾರ್ಜ್ ಮಾಡುವಾಗ ಬರುವ ಹೈಡ್ರೋಜನ್ ಮೇಲಕ್ಕೇರುತ್ತದೆ, ಆ ಮೂಲೆಗೆ ಸೂರಿನ ಹತ್ತಿರ ಕಿಂಡಿ ಬೇಕು. ವೆಲ್ಡಿಂಗ್ ಪಿಟ್, ಬ್ಯಾಟರಿ ಮೂಲೆ ಎರಡರಿಂದಲೂ ದೂರ.

ನಮ್ಮಲ್ಲಿ ಬಿಸಿ ಬೇಕು ಅನ್ನಿಸುವುದು ಪೇಂಟಿಂಗ್‌ಗೆ ಮಾತ್ರ. ಡಿಸೆಂಬರ್ ಬೆಳಗಿನ ಚಳಿಗೆ ಪುಟ್ಟಿ ಬೇಗ ಒಣಗುವುದಿಲ್ಲ. ಪೇಂಟಿಂಗ್ ಜಾಗಕ್ಕೆ ಪೂರ್ವದ ಎಳೆಬಿಸಿಲು ಬೀಳುವಂತೆ ನೋಡಿಕೊಂಡರೆ ಆಯಿತು.

ಎರೆಮಣ್ಣಿನ ಸೈಟಾದರೆ ನೆಲದ ಕೆಲಸಕ್ಕೆ ಅವಸರ ಮಾಡಬೇಡಿ. ಎರೆ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ, ಕಾಂಕ್ರೀಟನ್ನೂ ಸೀಳುತ್ತದೆ. ಅದನ್ನು ತೆಗೆಸಿ, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಧಮ್ಮಸ್ಸು ಮಾಡಿಸಿ. ಕಂಪ್ರೆಸರ್ ಗಾಳಿಯ ಏರ್ ಲೈನ್, ಕರೆಂಟಿನ ಪೈಪುಗಳು ಕೂತ ಮೇಲೆ ಫೋಟೊ ತೆಗೆದಿಟ್ಟುಕೊಂಡು ಕಾಂಕ್ರೀಟ್ ಸುರಿಸಿ. ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರು ಶಟರ್ ಕಡೆಗಿರಲಿ.