ಮಂಗಳೂರಿನ ಸೆಕೆಯಲ್ಲಿ ಮೊಟ್ಟೆಯಿಲ್ಲದ ಲೇಯರ್ ಕೇಕ್

ಪಾಕಪುಸ್ತಕಗಳಲ್ಲಿ ‘ಕೋಣೆಯ ಉಷ್ಣತೆಯಲ್ಲಿರುವ ಬೆಣ್ಣೆ’ ಎಂದು ಬರೆದವರು ಮೇ ತಿಂಗಳಿನಲ್ಲಿ ಮಂಗಳೂರಿಗೆ ಬಂದವರಲ್ಲ. ಅವರ ಲೆಕ್ಕದ ಕೋಣೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ನಮ್ಮ ಅಡುಗೆಮನೆ ಒಲೆ ಹಚ್ಚುವ ಮೊದಲೇ 30 ದಾಟಿರುತ್ತದೆ, ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗಿ ಹರಿಯುತ್ತದೆ. ಹಾಗಾಗಿ ಇಲ್ಲಿ ಕೇಕ್ ಬೇಯಿಸುವುದು ದೊಡ್ಡ ಸಂಗತಿಯಲ್ಲ, ಅದರ ಮೇಲಿನ ಕ್ರೀಮನ್ನು ನಿಲ್ಲಿಸುವುದೇ ನಿಜವಾದ ಕೆಲಸ. ಸ್ಪಂಜಿಗೆ ಯಾವ ಎಣ್ಣೆ ಎಂಬುದರಿಂದ ಹಿಡಿದು ಎಷ್ಟು ಹೊತ್ತಿಗೆ ಏಳಬೇಕು ಎಂಬುದರವರೆಗೆ ಎಲ್ಲವನ್ನೂ ನಾನು ಕ್ರೀಮಿನ ಅನುಕೂಲ ನೋಡಿಯೇ ತೀರ್ಮಾನಿಸುತ್ತೇನೆ.

ಇನ್ನೊಂದು ಕಟ್ಟುಪಾಡೂ ಇದೆ. ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ, ಉಡುಪಿಯ ಅಕ್ಕನ ಮನೆಯಲ್ಲಂತೂ ಆ ಮಾತೇ ಎತ್ತುವಂತಿಲ್ಲ. ಮೊಟ್ಟೆಯ ಬಿಳಿಭಾಗದಿಂದ ಮಾಡುವ ಸ್ವಿಸ್ ಮೆರಿಂಗ್ ಬಟರ್‌ಕ್ರೀಮ್ ಅಲ್ಲಿಗೇ ಹೊರಗುಳಿಯಿತು. ಬೆಣ್ಣೆಗೆ ಅದರ ಎರಡರಷ್ಟು ಸಕ್ಕರೆಪುಡಿ ಬಡಿದು ಸೇರಿಸುವ ಸಾಮಾನ್ಯ ಬಟರ್‌ಕ್ರೀಮ್ ಮಾಡಬಹುದು, ಆದರೆ ಎರಡನೆಯ ತುತ್ತಿಗೆ ಹಲ್ಲು ಜುಮ್ಮೆನ್ನುತ್ತದೆ. ಬೆಣ್ಣೆಯ ಬದಲು ವನಸ್ಪತಿ ಬಳಸಿದರೆ ಹೂವುಗಳು ಸಂಜೆಯವರೆಗೆ ಅಲುಗಾಡದೆ ನಿಂತಿರುತ್ತವೆ, ನಿಜ. ಆದರೆ ಸೆಕೆಗೆ ಕರಗದ ಜಿಡ್ಡು ನಾಲಿಗೆಯ ಮೇಲೂ ಸರಿಯಾಗಿ ಕರಗುವುದಿಲ್ಲ, ತಿಂದಾದ ಮೇಲೂ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಫೋಟೋಕ್ಕೆ ಅದು ಸರಿ, ಬಾಯಿಗಲ್ಲ.

ಉಳಿದದ್ದು ಎರ್ಮಿನ್ ಫ್ರಾಸ್ಟಿಂಗ್. ಅಮೆರಿಕದವರು ರೆಡ್ ವೆಲ್ವೆಟ್ ಕೇಕಿಗೆ ಹಿಂದೆ ಇದನ್ನೇ ಹಚ್ಚುತ್ತಿದ್ದರು, ಚೀಸಿನ ಕ್ರೀಮು ಆಮೇಲೆ ಬಂದದ್ದು. ಹಾಲು, ಮೈದಾ, ಸಕ್ಕರೆ ಕುದಿಸಿ ಗಟ್ಟಿ ಮಾಡಿ, ಆರಿದ ಮೇಲೆ ಬೆಣ್ಣೆಗೆ ಸೇರಿಸಿ ಬಡಿಯುವುದು, ಅಷ್ಟೇ. ನಮ್ಮ ಹವೆಗೆ ಇದು ಹೊಂದುವುದಕ್ಕೆ ಕಾರಣವಿದೆ: ಬೆಂದ ಹಿಟ್ಟು ನೀರಿನಂಶವನ್ನು ಹಿಡಿದಿಡುತ್ತದೆ, ಬೆಣ್ಣೆ ಸ್ವಲ್ಪ ಮೆತ್ತಗಾದರೂ ಕ್ರೀಮು ಕೂಡಲೇ ಜಾರುವುದಿಲ್ಲ. ಸಿಹಿಯೂ ಕಡಿಮೆ.

ಏಳು ಇಂಚಿನ ಮೂರು ಪದರಗಳ ಕೇಕಿಗೆ ನನ್ನ ಅಳತೆ ಹೀಗಿದೆ: ಹಾಲು 360 ಮಿಲಿಲೀಟರ್, ಮೈದಾ 60 ಗ್ರಾಂ, ಸಕ್ಕರೆ 270 ಗ್ರಾಂ, ಉಪ್ಪಿಲ್ಲದ ಬೆಣ್ಣೆ 350 ಗ್ರಾಂ, ಒಂದು ಚಿಟಿಕೆ ಉಪ್ಪು, ವೆನಿಲ್ಲಾ. ಮೈದಾ ಮತ್ತು ಸಕ್ಕರೆಯನ್ನು ಮೊದಲು ಒಣಗಿರುವಾಗಲೇ ಬೆರೆಸಿ, ಹಾಲನ್ನು ಸ್ವಲ್ಪಸ್ವಲ್ಪವಾಗಿ ಸುರಿದರೆ ಗಂಟಾಗುವುದಿಲ್ಲ. ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಬೇಕು. ಮಣ್ಣಿ ಕಾಸಿ ಗೊತ್ತಿದ್ದವರಿಗೆ ಹದ ಹೇಳಬೇಕಾಗಿಲ್ಲ, ಅದೇ ಹದ: ಸೌಟು ಎಳೆದ ದಾರಿಯಲ್ಲಿ ಪಾತ್ರೆಯ ತಳ ಒಂದು ಕ್ಷಣ ಕಾಣಿಸಬೇಕು. ಗಡಿಬಿಡಿಯಲ್ಲಿ ಇಳಿಸಿದರೆ ಹಸಿ ಮೈದಾದ ವಾಸನೆ ಕೊನೆಯವರೆಗೂ ಉಳಿಯುತ್ತದೆ. ತಟ್ಟೆಗೆ ಹರಡಿ, ಮೇಲೆ ಕೆನೆಗಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ಒತ್ತಿ ಮುಚ್ಚಿ, ಪೂರ್ತಿ ಆರುವವರೆಗೆ ಬಿಡುತ್ತೇನೆ. ಸ್ವಲ್ಪ ಬೆಚ್ಚಗಿದ್ದರೂ ಬೆಣ್ಣೆ ಕೆಟ್ಟಿತೆಂದೇ ಲೆಕ್ಕ.

ಮನೆಯಲ್ಲಿ ಕಡೆದ ಬೆಣ್ಣೆ ಬಳಸಬಾರದೇ ಎಂದು ಕೇಳುವವರಿದ್ದಾರೆ. ಅದರಲ್ಲಿ ನೀರು ಹೆಚ್ಚು, ಮೊಸರಿನ ಹುಳಿಯೂ ಇರುತ್ತದೆ, ಕ್ರೀಮು ಒಡೆಯುತ್ತದೆ. ಅದು ದೋಸೆಯ ಮೇಲೆಯೇ ಚೆಂದ.

ಇನ್ನು ಕೇಕು. ಕ್ರೀಮು ಹಚ್ಚಿದ ಮೇಲೆ ಇಲ್ಲಿ ಫ್ರಿಜ್ ಬಿಟ್ಟರೆ ಗತಿಯಿಲ್ಲ. ಬೆಣ್ಣೆ ಹಾಕಿದ ಸ್ಪಂಜು ಫ್ರಿಜ್‌ನಲ್ಲಿ ಬಿರುಸಾಗುತ್ತದೆ, ಎಣ್ಣೆಯದು ಮೆತ್ತಗೇ ಉಳಿಯುತ್ತದೆ. ಎಣ್ಣೆಯೆಂದರೆ ನಮ್ಮ ಕೈ ತನ್ನಿಂತಾನೇ ತೆಂಗಿನೆಣ್ಣೆಯ ಡಬ್ಬಿಗೆ ಹೋಗುತ್ತದೆ, ಅದನ್ನು ತಡೆಯಬೇಕು. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಫ್ರಿಜ್‌ನಿಂದ ತೆಗೆದ ಕೇಕ್ ಬೆಣ್ಣೆಯದಕ್ಕಿಂತಲೂ ಗಡುಸಾಗಿರುತ್ತದೆ. ನಾನು ಸೂರ್ಯಕಾಂತಿ ಎಣ್ಣೆ ಬಳಸುತ್ತೇನೆ.

ಅಂದಿನದೇ ತಾಜಾ ಮೊಸರು 480 ಗ್ರಾಂ ತೆಗೆದುಕೊಂಡು, 300 ಗ್ರಾಂ ಸಕ್ಕರೆ ಹಾಕಿ ಕರಗುವವರೆಗೆ ಕಲಕಿ, ಎರಡೂವರೆ ಚಮಚ ಬೇಕಿಂಗ್ ಪೌಡರ್, ಒಂದು ಚಮಚ ಸೋಡಾ ಬೆರೆಸಿದರೆ ಐದು ನಿಮಿಷದಲ್ಲಿ ಮೊಸರು ನೊರೆಯೊಡೆಯುತ್ತದೆ. ಆಗ 220 ಮಿಲಿಲೀಟರ್ ಎಣ್ಣೆ, ಏಲಕ್ಕಿ, ಜರಡಿ ಹಿಡಿದ 380 ಗ್ರಾಂ ಮೈದಾ. ಮೈದಾ ಬಿದ್ದ ಮೇಲೆ ಹೆಚ್ಚು ಕಲಸಬಾರದು, ಕಲಸಿದಷ್ಟೂ ಕೇಕ್ ಜಿಗುಟಾಗುತ್ತದೆ. ಮೂರು ಟಿನ್‌ಗಳಿಗೆ ತೂಕ ನೋಡಿ ಹಂಚಿ, 170 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ನನ್ನ ಒವನ್‌ನಲ್ಲಿ ಒಮ್ಮೆಗೆ ಎರಡೇ ಹಿಡಿಯುವುದು. ಮೂರನೆಯ ಟಿನ್ ಅಷ್ಟು ಹೊತ್ತು ಫ್ರಿಜ್‌ನಲ್ಲಿ ಕಾಯುತ್ತದೆ, ಸ್ವಲ್ಪ ಕಡಿಮೆ ಉಬ್ಬುತ್ತದೆ, ಅದಕ್ಕೆ ನಡುವಿನ ಜಾಗ.

ಮೊಟ್ಟೆಯಿಲ್ಲದ ಸ್ಪಂಜು ಬಲು ನಾಜೂಕು. ಅಂದೇ ಕತ್ತರಿಸಲು ಹೋದರೆ ಪುಡಿಯಾಗುತ್ತದೆ. ಆರಿದ ಮೇಲೆ ಸುತ್ತಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಮರುದಿನ ಹಲ್ಲಿನ ಚಾಕುವಿಗೆ ಮೇಲಿನ ಉಬ್ಬು ನೀಟಾಗಿ ಬಿಡುತ್ತದೆ. ಆ ಉಬ್ಬಿನ ತುಂಡುಗಳಿಗೆ ಮನೆಯ ಮಕ್ಕಳು ಕಾದೇ ಇರುತ್ತಾರೆ.

ಪದರಗಳ ನಡುವೆ ಪುನರ್ಪುಳಿ, ಅಂದರೆ ಕೋಕಂ. ಬೆಣ್ಣೆಯ ಜಿಡ್ಡಿಗೆ ಅದರ ಹುಳಿಯಷ್ಟು ಒಳ್ಳೆಯ ಜೋಡಿ ನನಗೆ ಬೇರೆ ಸಿಕ್ಕಿಲ್ಲ. ಒಣಗಿದ ಸಿಪ್ಪೆ 50 ಗ್ರಾಂ, ಬಿಸಿನೀರು 400 ಮಿಲಿಲೀಟರ್, ರಾತ್ರಿ ನೆನೆಹಾಕಿ ಬೆಳಿಗ್ಗೆ ಸೋಸಿದರೆ ಕಡುಕೆಂಪು ನೀರು. ಅದಕ್ಕೆ 150 ಗ್ರಾಂ ಸಕ್ಕರೆ ಹಾಕಿ ಕುದಿಸಿ, ಸ್ಪಂಜಿಗೆ ಸವರಲು ನಾಲ್ಕೈದು ಚಮಚ ತೆಗೆದಿರಿಸಿ, ಉಳಿದದ್ದಕ್ಕೆ ನೀರಿನಲ್ಲಿ ಕಲಸಿದ 30 ಗ್ರಾಂ ಕಾರ್ನ್‌ಫ್ಲೋರ್. ದಪ್ಪವಾಗಿ ಹೊಳಪು ಬಂದ ಕೂಡಲೇ ಇಳಿಸಬೇಕು, ಹುಳಿಯೊಂದಿಗೆ ಹೆಚ್ಚು ಕುದಿದ ಪಿಷ್ಟ ಮತ್ತೆ ನೀರಾಗುತ್ತದೆ. ಈ ಕೆಂಪನ್ನು ಕೇಕಿನ ಹಿಟ್ಟಿಗೇ ಸೇರಿಸುವ ಆಸೆ ಬೇಡ. ಸೋಡಾ ತಗುಲಿದರೆ ಪುನರ್ಪುಳಿಯ ಬಣ್ಣ ಮಂಕಾಗಿ ನೀಲಿಗೆ ತಿರುಗುತ್ತದೆ.

ಕ್ರೀಮು ಬಡಿಯುವುದು ನಸುಕಿನಲ್ಲಿ. ಮೇ ತಿಂಗಳಾದರೆ ಅದೂ ಸಾಲದು, ಮಲಗುವ ಕೋಣೆಗೆ ಎಸಿ ಹಾಕಿ ಮೇಜು ಅಲ್ಲಿಗೇ ಒಯ್ಯುತ್ತೇನೆ, ಮನೆಯವರು ಏನೇ ಅಂದುಕೊಳ್ಳಲಿ. ಬೆಣ್ಣೆ ಬೆರಳಿಗೆ ತಣ್ಣಗಿರಬೇಕು, ಒತ್ತಿದರೆ ತಗ್ಗಬೇಕು, ಹೊಳೆಯಬಾರದು. ಐದಾರು ನಿಮಿಷ ಬಡಿದು ಬೆಳ್ಳಗಾದ ಮೇಲೆ ಆರಿದ ಹಿಟ್ಟನ್ನು ಚಮಚ ಚಮಚವಾಗಿ ಸೇರಿಸುವುದು. ನೀರುನೀರಾದರೆ ಪಾತ್ರೆಯನ್ನೇ ಹತ್ತು ನಿಮಿಷ ಫ್ರಿಜ್‌ಗೆ ತಳ್ಳಿ ಮತ್ತೆ ಬಡಿಯಿರಿ. ಕಾಳುಕಾಳಾಗಿ ಒಡೆದರೆ ಬೆಣ್ಣೆ ತಣ್ಣಗೆ ಹೆಚ್ಚಾಯಿತೆಂದು ಅರ್ಥ, ಪಾತ್ರೆಯ ಹೊರಮೈಗೆ ಬೆಚ್ಚನೆಯ ಒದ್ದೆ ಬಟ್ಟೆ ಹಿಡಿದು ಬಡಿಯುತ್ತಿದ್ದರೆ ಕೂಡಿಕೊಳ್ಳುತ್ತದೆ. ಎಸೆಯಬೇಕಾದ ಪ್ರಸಂಗ ಬಹಳ ಅಪರೂಪ.

ಪದರ ಇಟ್ಟು, ಪುನರ್ಪುಳಿ ನೀರು ಸವರಿ, ಅಂಚಿಗೆ ಕ್ರೀಮಿನ ಕಟ್ಟೆ ಕಟ್ಟಿ, ಒಳಗೆ ಪುನರ್ಪುಳಿ ತುಂಬುತ್ತೇನೆ. ಕಟ್ಟೆಯಿಲ್ಲದಿದ್ದರೆ ಮೇಲಿನ ಪದರದ ಭಾರಕ್ಕೆ ಕೆಂಪು ಹೊರಗೆ ಇಣುಕುತ್ತದೆ. ಮೊದಲು ತೆಳ್ಳಗೆ ಒಂದು ಲೇಪ, ಅದು ಪುಡಿಯನ್ನು ಹಿಡಿದಿಡುವುದಕ್ಕೆ. ಅರ್ಧ ಗಂಟೆ ಫ್ರಿಜ್, ಆಮೇಲೆ ದಪ್ಪ ಲೇಪ. ನಯ ಮಾಡಲು ನನ್ನಲ್ಲಿರುವುದು ಹಾರ್ಡ್‌ವೇರ್ ಅಂಗಡಿಯ ಹೊಸ ಸ್ಟೀಲ್ ಪಟ್ಟಿ, ಗೋಡೆಗೆ ಪುಟ್ಟಿ ಹಚ್ಚುವಂಥದ್ದು. ಕೈ ಅಲುಗಾಡಿಸದೆ ಹಿಡಿದು ತಟ್ಟೆಯನ್ನು ತಿರುಗಿಸಬೇಕು. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಸವರುವ ಉಪಾಯ ಚಳಿ ಊರಿನವರಿಗೆ ಬಿಟ್ಟದ್ದು.

ಮಳೆಗಾಲದ ಕಷ್ಟ ಬೇರೆ. ಫ್ರಿಜ್‌ನಿಂದ ತೆಗೆದ ಕೇಕಿನ ಮೈಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಬಣ್ಣದ ಸಕ್ಕರೆಮಣಿಗಳು ಅಳತೊಡಗುತ್ತವೆ, ಸಕ್ಕರೆ ಕಣಕದ ಹೊದಿಕೆಯಾದ ಫಾಂಡಂಟ್ ಜಿಗಿಜಿಗಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಎರಡನ್ನೂ ಮುಟ್ಟುವುದಿಲ್ಲ. ಕೇಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟೇ ಫ್ರಿಜ್‌ಗೆ ಸೇರಿಸಿ, ಹೊರತೆಗೆದ ಮೇಲೂ ಕೂಡಲೇ ತೆರೆಯದಿದ್ದರೆ ಹನಿಗಳು ಪೆಟ್ಟಿಗೆಯ ಮೇಲೆ ಕಟ್ಟುತ್ತವೆ. ಅಕ್ಕ ಪ್ರತಿ ಸಲವೂ ಮೇಲೆ ಶಂಕರಪುರ ಮಲ್ಲಿಗೆ ಇಡಲು ಹೇಳುತ್ತಾಳೆ. ಮುಡಿಗೆಂದು ಬೆಳೆದ ಹೂವಿಗೆ ಯಾವ ಮದ್ದು ಹೊಡೆದಿರುತ್ತಾರೋ, ತಿನ್ನುವ ವಸ್ತುವಿನ ಮೇಲೆ ಅದು ಬೇಡ. ಸುಲಿದ ಪಿಸ್ತಾ ಸಾಕು.

ಉಡುಪಿಗೆ ಒಯ್ಯುವಾಗ ಕೇಕನ್ನು ಸೀಟಿನ ಮೇಲೆ ಇಡುವುದಿಲ್ಲ, ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ. ಮುಂದಿನ ಸೀಟಿನ ಕಾಲಬುಡದ ಸಮತಟ್ಟು ಜಾಗವೇ ಕ್ಷೇಮ. ಕಾರನ್ನು ಮೊದಲು ತಂಪು ಮಾಡಿ ಆಮೇಲೆ ಕೇಕ್ ಹತ್ತಿಸುವುದು. ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಹೋಗುವಷ್ಟು ಹೊತ್ತು ಎಸಿ ಕಾರಿನಲ್ಲಿ ಈ ಕ್ರೀಮು ಧಾರಾಳವಾಗಿ ತಡೆದುಕೊಳ್ಳುತ್ತದೆ. ಮುಟ್ಟಿದ ಮೇಲೆ ಮತ್ತೆ ಫ್ರಿಜ್, ಕತ್ತರಿಸುವ ಇಪ್ಪತ್ತು ನಿಮಿಷ ಮೊದಲು ಹೊರಗೆ. ಹಾಲಿನ ಕ್ರೀಮಾದ್ದರಿಂದ ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸುವುದು ಒಳ್ಳೆಯದು. ಎರಡನೆಯ ದಿನ ಪುನರ್ಪುಳಿ ಸ್ಪಂಜಿಗೆ ಇಳಿದು ಇನ್ನೂ ರುಚಿಯಾಗಿರುತ್ತದೆ ಎಂದು ಹೇಳಿಯೇ ಕೊಟ್ಟಿರುತ್ತೇನೆ, ಆದರೆ ಅಕ್ಕನ ಮನೆಯಲ್ಲಿ ಎರಡನೆಯ ದಿನಕ್ಕೆ ಉಳಿದದ್ದನ್ನು ನಾನು ಕಂಡಿಲ್ಲ.