ಬಾಸ್ಕೆಟ್‌ಬಾಲ್‌ನ ಮಟ್ಟ ಇಳಿದಿದೆಯೇ? ಅಳೆದು ನೋಡುವ ಬಗೆ

ಹಳೆಯ ಪೈಲ್ವಾನರಂಥ ಪಟ್ಟುಗಾರರು ಈಗ ಹುಟ್ಟುವುದಿಲ್ಲ ಎಂಬ ಮಾತನ್ನು ಕುಸ್ತಿ ಕಣದ ಸುತ್ತ ಕೇಳುತ್ತ ಬೆಳೆದ ನಮ್ಮ ಭಾಗದವರಿಗೆ ಬಾಸ್ಕೆಟ್‌ಬಾಲ್ ಕುರಿತ ಇಂಥದೇ ಮಾತು ಹೊಸದೆನಿಸುವುದಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕೋರ್ಟುಗಳಲ್ಲಿ ಸಂಜೆಯ ಅಭ್ಯಾಸ ಮುಗಿದ ಮೇಲೆ, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಹಿಂದಿನ ಕಸುವಾಗಲಿ ಛಲವಾಗಲಿ ಉಳಿದಿಲ್ಲ ಎಂದು ಹಿರಿಯರು ಹೇಳುತ್ತಾರೆ ಮತ್ತು ಹುಡುಗರು ಅದನ್ನು ಒಪ್ಪುವುದಿಲ್ಲ. ಹಳೆಯ ಕುಸ್ತಿಗಳ ವಿಷಯದಲ್ಲಿ ನೆನಪೊಂದೇ ಸಾಕ್ಷಿ. ಎನ್‌ಬಿಎಗಾದರೋ ಏಳು ದಶಕಗಳಿಗೂ ಮಿಕ್ಕಿದ ಅಂಕಿ-ಅಂಶಗಳಿವೆ, ಹಳೆಯ ಪಂದ್ಯಗಳ ದೃಶ್ಯಗಳೂ ಇವೆ. ಆದ್ದರಿಂದ ಈ ವಾದವನ್ನು ಪರೀಕ್ಷಿಸಿ ನೋಡಲು ಸಾಧ್ಯವಿದೆ, ಮತ್ತು ಪರೀಕ್ಷಿಸದೆ ತೀರ್ಪು ಕೊಡುವುದು ಎರಡೂ ಕಾಲದ ಆಟಗಾರರಿಗೆ ಮಾಡುವ ಅನ್ಯಾಯವೆಂದು ನಾನು ನಂಬಿದ್ದೇನೆ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ. ಆಟಗಾರರ ಪ್ರತಿಭೆ ಒಂದು ವಿಷಯ, ಗೆಲುವಿಗಾಗಿ ನಡೆಯುವ ಪೈಪೋಟಿ ಇನ್ನೊಂದು, ನೋಡುವವರಿಗೆ ಆಟ ಹಿಡಿಸುತ್ತದೆಯೇ ಎಂಬುದು ಮೂರನೆಯದು. ಪ್ರತಿ ತಂಡವೂ ದೂರದಿಂದಲೇ ಚೆಂಡೆಸೆಯುವ ಇಂದಿನ ಆಟದಲ್ಲಿ ವೈವಿಧ್ಯ ಕಡಿಮೆಯಾಗಿದೆ ಎಂಬ ದೂರಿನಲ್ಲಿ ಹುರುಳಿದೆ, ನನಗೂ ಹಾಗೆಯೇ ಅನಿಸುತ್ತದೆ. ಆದರೆ ಅದು ರುಚಿಗೆ ಸೇರಿದ ಮಾತು. ಆಟಗಾರರ ಯೋಗ್ಯತೆಯನ್ನು ಅದರಿಂದ ಅಳೆಯಬಾರದು.

ಎರಡನೆಯದಾಗಿ, ಯಾವುದೇ ಹಳೆಯ ದಾಖಲೆಯನ್ನು ಅಂದಿನ ಆಟದ ವೇಗದೊಂದಿಗೆ ಸೇರಿಸಿ ಓದಿ. ವಿಲ್ಟ್ ಚೇಂಬರ್ಲೇನ್ 1961-62ರ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 50.4 ಅಂಕ ಗಳಿಸಿದ್ದು, 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಮುಟ್ಟಿದ್ದು ಹಳೆಯ ಕಾಲದ ಪರ ವಾದಿಸುವವರ ದೊಡ್ಡ ಆಧಾರ. ಆ ಋತುವಿನಲ್ಲಿ ಒಂದು ತಂಡ ಪಂದ್ಯಕ್ಕೆ ಸುಮಾರು 108 ಸಲ ರಿಂಗಿನತ್ತ ಚೆಂಡೆಸೆದು ಸುಮಾರು 119 ಅಂಕ ಪಡೆಯುತ್ತಿತ್ತು. 2023-24ರಲ್ಲಿ ತಂಡವೊಂದು ಎಸೆದದ್ದು ಸುಮಾರು 89 ಸಲ, ಪಡೆದದ್ದು ಸುಮಾರು 114 ಅಂಕ. ಒಟ್ಟು ಅಂಕಗಳನ್ನು ಎಸೆತಗಳಿಂದ ಭಾಗಿಸಿದರೆ ಆಗ ನೂರು ಎಸೆತಗಳಿಗೆ 110 ಅಂಕ, ಈಗ 128 ಅಂಕ ಬರುತ್ತದೆ. ಅದೂ ಹಿಂದಿನ ತಂಡಗಳಿಗೆ ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಪ್ರತಿಯಾಗಿ ಸಿಗುವ, ಯಾರೂ ತಡೆಯದ ಎಸೆತ) ಅವಕಾಶಗಳು ಇಂದಿಗಿಂತ ಬಹಳ ಹೆಚ್ಚಾಗಿ ಸಿಗುತ್ತಿದ್ದಾಗ. ಇದರಿಂದ ಚೇಂಬರ್ಲೇನ್ ಅವರ ಹಿರಿಮೆ ಕುಂದುವುದಿಲ್ಲ. ಆ ಋತುವಿನಲ್ಲಿ ಅವರು ಸರಾಸರಿ, ಪಂದ್ಯದ ನಿಗದಿತ ಅವಧಿಯಾದ 48 ನಿಮಿಷಕ್ಕೂ ಹೆಚ್ಚು, ಅಂದರೆ ಹೆಚ್ಚುವರಿ ಅವಧಿಯೂ ಸೇರಿದಂತೆ ಬಹುತೇಕ ಪ್ರತಿ ಕ್ಷಣವೂ ಅಂಗಳದಲ್ಲಿದ್ದರು. ಆದರೆ ಅಂದು ಅಂಕ ಗಳಿಸುವ ಅವಕಾಶಗಳೇ ಹೆಚ್ಚಾಗಿದ್ದವು ಎಂಬುದನ್ನು ಲೆಕ್ಕದಲ್ಲಿಡಬೇಕು. ಇನ್ನೊಂದು ಎಚ್ಚರಿಕೆ ಹಳಬರ ಪರವಾಗಿಯೂ ಬೇಕು: ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಮತ್ತು ಬ್ಲಾಕ್‌ಗಳನ್ನು (ಎಸೆತ ತಡೆಯುವುದು) ಎನ್‌ಬಿಎ ಬರೆದಿಡಲು ಆರಂಭಿಸಿದ್ದು 1973-74ರಿಂದ, ಆದ್ದರಿಂದ ರಕ್ಷಣೆಯಲ್ಲಿ ಅದ್ವಿತೀಯರೆನಿಸಿದ್ದ ಬಿಲ್ ರಸೆಲ್ ತಡೆದ ಎಸೆತಗಳ ಅಧಿಕೃತ ಲೆಕ್ಕ ನಮಗೆ ಸಿಗುವುದೇ ಇಲ್ಲ.

ಮೂರನೆಯದಾಗಿ, ನಿಯಮ ಬದಲಾಗದ ಒಂದು ಸಂಗತಿಯನ್ನು ಹಿಡಿದು ಹೋಲಿಸಿ. ನನ್ನ ಮಟ್ಟಿಗೆ ಫ್ರೀ ಥ್ರೋ ಅತ್ಯಂತ ನಂಬಿಕಸ್ತ ಅಳತೆ. ರಿಂಗಿನ ಎತ್ತರ ಅದೇ 10 ಅಡಿ, ಗೆರೆಯ ದೂರ ಅದೇ 15 ಅಡಿ, ಎದುರಿಗೆ ಅಡ್ಡಗಟ್ಟುವವರು ಯಾರೂ ಇಲ್ಲ. 1961-62ರಲ್ಲಿ ಇಡೀ ಲೀಗ್‌ನ ಯಶಸ್ಸು ಶೇ. 73ರ ಆಸುಪಾಸಿನಲ್ಲಿತ್ತು, 2023-24ರಲ್ಲಿ ಅದು ಶೇ. 78ನ್ನು ದಾಟಿತು. ಏರಿಕೆ ಭಾರಿಯಲ್ಲ, ಆದರೆ ಕೈಚಳಕ ಕುಸಿದಿದೆ ಎನ್ನುವ ವಾದಕ್ಕೆ ಇದು ಆಸ್ಪದ ಕೊಡುವುದಿಲ್ಲ.

ಆಟಗಾರರು ಎಷ್ಟು ಜನರ ನಡುವಿನಿಂದ ಆರಿಸಿ ಬಂದರು ಎಂಬುದನ್ನೂ ನೋಡಿ. 1950ಕ್ಕೆ ಮೊದಲು ಎನ್‌ಬಿಎಯಲ್ಲಿ ಕಪ್ಪು ವರ್ಣದ ಆಟಗಾರರೇ ಇರಲಿಲ್ಲ. 1961-62ರಲ್ಲಿ ಇದ್ದದ್ದು ಒಂಬತ್ತು ತಂಡ, ಈಗ ಮೂವತ್ತು. ತಂಡಗಳು ಹೆಚ್ಚಿದಾಗ ಪ್ರತಿಭೆ ತೆಳುವಾಗುತ್ತದೆ ಎಂಬ ವಾದ ತರ್ಕಬದ್ಧವಾಗಿಯೇ ಇದೆ, ಆದರೆ ಆಟಗಾರರು ಬರುವ ನೆಲ ಅದಕ್ಕಿಂತ ವೇಗವಾಗಿ ವಿಸ್ತರಿಸಿತು. 2023-24ರ ಋತು ಆರಂಭವಾದಾಗ 40 ದೇಶಗಳ 125 ವಿದೇಶಿ ಆಟಗಾರರು ಲೀಗ್‌ನಲ್ಲಿದ್ದರು. 2019ರಿಂದ 2025ರವರೆಗೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಅಮೆರಿಕದ ಹೊರಗೆ ಹುಟ್ಟಿದವರಿಗೇ ಸಂದಿತು. ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ ತಂಡ ಆರಿಸಿಕೊಂಡರೂ ಅವರಿಗೆ ಎನ್‌ಬಿಎ ಪಂದ್ಯ ಆಡುವ ಅವಕಾಶ ಬರಲಿಲ್ಲ ಎಂಬುದರಿಂದಲೇ ಆ ಬಾಗಿಲು ಎಷ್ಟು ಇಕ್ಕಟ್ಟಾಗಿದೆ ಎಂದು ತಿಳಿಯುತ್ತದೆ.

ರಕ್ಷಣೆ ಸತ್ತುಹೋಗಿದೆ ಎಂಬ ಆಕ್ಷೇಪಕ್ಕೆ ಅಂಕಿಗಳಿಗಿಂತ ಕಣ್ಣೇ ಉತ್ತರಿಸಬೇಕು. ನಮ್ಮ ಕೋರ್ಟುಗಳಲ್ಲಿ ಥ್ರೀ ಪಾಯಿಂಟ್ ಗೆರೆ (ಇದರಾಚೆಯಿಂದ ಹಾಕಿದ ಎಸೆತಕ್ಕೆ ಎರಡರ ಬದಲು ಮೂರು ಅಂಕ) ಅಂತರರಾಷ್ಟ್ರೀಯ ನಿಯಮದಂತೆ 6.75 ಮೀಟರ್ ದೂರದಲ್ಲಿರುತ್ತದೆ, ಎನ್‌ಬಿಎ ಗೆರೆ ನಡುಭಾಗದಲ್ಲಿ 7.24 ಮೀಟರ್. ಸೀಮೆಸುಣ್ಣದಿಂದ ಸುಮಾರು ಅರ್ಧ ಮೀಟರ್ ಹಿಂದಕ್ಕೆ ಇನ್ನೊಂದು ಗೆರೆ ಎಳೆದು, ಅಲ್ಲಿ ನಿಂತವನನ್ನು ತಡೆಯಲು ರಿಂಗಿನ ಕೆಳಗಿನಿಂದ ಓಡಿ ನೋಡಿ. 1979-80ರಲ್ಲಿ ಈ ಗೆರೆ ಬಂದಾಗ ತಂಡವೊಂದು ಅದರಾಚೆಯಿಂದ ಪಂದ್ಯಕ್ಕೆ ಮೂರು ಸಲವೂ ಎಸೆಯುತ್ತಿರಲಿಲ್ಲ, 2023-24ರಲ್ಲಿ ಎಸೆದದ್ದು ಸುಮಾರು 35 ಸಲ. 2004-05ರಿಂದ ಹೊರಭಾಗದಲ್ಲಿ ಎದುರಾಳಿಯನ್ನು ಕೈಯಿಂದ ತಡೆದು ನಿಲ್ಲಿಸುವುದನ್ನು ಬಿಗಿಯಾಗಿ ನಿಷೇಧಿಸಲಾಗಿದೆ. ಹೀಗಾಗಿ ಹಿಂದಿನ ರಕ್ಷಕನಿಗೆ ಮೈಕಸುವು ಹೆಚ್ಚು ಬೇಕಿತ್ತು, ಇಂದಿನವನಿಗೆ ಕಾಲಿನ ವೇಗ ಹೆಚ್ಚು ಬೇಕು.

ಪೈಪೋಟಿಯ ವಿಷಯದಲ್ಲಿ ನನ್ನ ತೀರ್ಪು ಅಷ್ಟು ಸರಳವಾಗಿಲ್ಲ. 1980ರಿಂದ 1989ರವರೆಗಿನ ಹತ್ತು ಲೀಗ್ ಪ್ರಶಸ್ತಿಗಳಲ್ಲಿ ಎಂಟನ್ನು ಲೇಕರ್ಸ್ ಮತ್ತು ಸೆಲ್ಟಿಕ್ಸ್ ಎಂಬ ಎರಡೇ ತಂಡಗಳು ಹಂಚಿಕೊಂಡವು. 2019ರಿಂದ 2025ರವರೆಗೆ ಏಳು ವರ್ಷಗಳಲ್ಲಿ ಏಳು ಬೇರೆ ಬೇರೆ ತಂಡಗಳು ಗೆದ್ದವು. ಪ್ರಶಸ್ತಿಯ ಹೋರಾಟ ಹೆಚ್ಚು ಮುಕ್ತವಾಗಿದೆ. ಆದರೆ 82 ಲೀಗ್ ಪಂದ್ಯಗಳ ನಡುವೆ ಗಾಯದ ಭಯದಿಂದ ತಾರೆಗಳನ್ನು ಕೂರಿಸುವ ಅಭ್ಯಾಸ ಬೆಳೆದಿರುವುದು ನಿಜ. ಆಟಗಾರರಿಗೆ ಕೊಡುವ ಪ್ರಮುಖ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕೆಂದು 2023-24ರಲ್ಲಿ ಲೀಗ್ ನಿಯಮ ತಂದದ್ದೇ ಇದಕ್ಕೆ ಸಾಕ್ಷಿ, ಮತ್ತು ಹಿರಿಯರ ದೂರಿನಲ್ಲಿ ನಾನು ಪೂರ್ಣವಾಗಿ ಒಪ್ಪುವ ಭಾಗವೂ ಇದೇ. ಆದ್ದರಿಂದ ಬೆಳಗಿನ ಐದಾರು ಗಂಟೆಗೆ ಎದ್ದು ನೋಡಿದ ಡಿಸೆಂಬರ್ ತಿಂಗಳ ಒಂದು ಪಂದ್ಯವನ್ನು 1987ರ ಫೈನಲ್‌ನ ಪಕ್ಕದಲ್ಲಿಟ್ಟು ತೂಗಬೇಡಿ. ಲೇಕರ್ಸ್ ಮತ್ತು ಸೆಲ್ಟಿಕ್ಸ್ ಸೆಣಸಿದ ಆ ಫೈನಲ್‌ನ ಕೊನೆಯ ಕ್ವಾರ್ಟರ್ ಒಂದನ್ನು, ಏಳನೆಯ ಪಂದ್ಯದವರೆಗೆ ಬೆಳೆದ 2025ರ ಓಕ್ಲಹೋಮ ಸಿಟಿ ಮತ್ತು ಇಂಡಿಯಾನಾ ಫೈನಲ್‌ನ ಕೊನೆಯ ಕ್ವಾರ್ಟರ್ ಒಂದರೊಂದಿಗೆ ಒಂದೇ ಸಂಜೆ ನೋಡಿ. ಹಿರಿಯರೊಬ್ಬರು ಹೊಸ ಪಂದ್ಯದಲ್ಲಿ, ಹುಡುಗನೊಬ್ಬ ಹಳೆಯ ಪಂದ್ಯದಲ್ಲಿ, ಯಾರೂ ತಡೆಯದೆ ಬಿಟ್ಟ ಎಸೆತಗಳೆಷ್ಟು ಮತ್ತು ಚೆಂಡು ಕೈತಪ್ಪಿದ್ದು ಎಷ್ಟು ಸಲ ಎಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಲಿ, ವಾದ ಆ ಹಾಳೆಗಳಿಂದ ಆರಂಭವಾಗಲಿ.